ಸಹಾಯ ಬೇಕು: ಕೋರ್ಟಿನ ದಾರಿಯೋ, ಕರಡು ಬರೆಯುವ ಕೆಲಸವೋ?

ನಮಸ್ಕಾರ. ಗುಂಪಿನಲ್ಲಿರುವ ವಕೀಲರು, ಕಾನೂನು ಓದಿ ಮುಗಿಸಿದವರು ಸ್ವಲ್ಪ ದಾರಿ ತೋರಿಸಿ.

ನಾನು ಕಾನೂನು ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಸೆಕ್ಷನ್‌ಗಳನ್ನು ಬಾಯಿಪಾಠ ಮಾಡಿ ಮೊದಲ ವರ್ಷ ಹೇಗೋ ದಾಟಿದೆ. ಈಗ ತೀರ್ಪು ಓದಲು ಕೂತರೆ ತಲೆ ಕೆಡುತ್ತದೆ. ಸರಕು ತಯಾರಿಸಿದವರು ಅದನ್ನು ಬಳಸಿದವರಿಗೆ ಹೊಣೆಯೇ ಎಂಬ ಪ್ರಶ್ನೆ ಎದ್ದ ಬ್ರಿಟನ್ನಿನ 1932ರ ಡಾನಹ್ಯೂ ವಿರುದ್ಧ ಸ್ಟೀವನ್‌ಸನ್ ಪ್ರಕರಣವನ್ನೇ ನೋಡಿ. ಜಿಂಜರ್ ಬಿಯರ್ ಬಾಟಲಿಯೊಳಗಿನ ಬಸವನಹುಳುವಿನ ಕಥೆ ಎಲ್ಲರಿಗೂ ನೆನಪಿರುತ್ತದೆ (ಹುಳು ಇತ್ತೆಂದು ಕೋರ್ಟಿನಲ್ಲಿ ಸಾಬೀತಾಗಲೇ ಇಲ್ಲ, ಅದು ಬೇರೆ ಮಾತು). ಆದರೆ ಐವರು ನ್ಯಾಯಾಧೀಶರಲ್ಲಿ ಮೂವರು ಒಂದು ಕಡೆ, ಇಬ್ಬರು ಇನ್ನೊಂದು ಕಡೆ. ಆ ಮೂವರೂ ಬೇರೆ ಬೇರೆಯಾಗಿಯೇ ಕಾರಣ ಕೊಟ್ಟಿದ್ದಾರೆ. ಇದರಲ್ಲಿ ಮುಂದಿನ ಕೋರ್ಟುಗಳನ್ನು ಕಟ್ಟಿಹಾಕುವ ರೇಷಿಯೊ ಎಷ್ಟು, ಪ್ರಾಸಂಗಿಕವಾಗಿ ಆಡಿದ ಆಬಿಟರ್ ಎಷ್ಟು? ನಾನು ಬರೆದ ಸಾರಾಂಶ ತೀರ್ಪಿನಷ್ಟೇ ಉದ್ದವಾಗುತ್ತದೆ. ನೀವೆಲ್ಲ ನೋಟ್ಸ್ ಹೇಗೆ ಮಾಡಿಕೊಳ್ಳುತ್ತಿದ್ದಿರಿ?

ಇನ್ನೊಂದು ಗೊಂದಲ. ವಾದ ಅಭ್ಯಾಸ ಮಾಡಲು ಕಾಲೇಜಿನಲ್ಲಿ ನಡೆಸುವ ಅಣಕು ನ್ಯಾಯಾಲಯ, ಅಂದರೆ ಮೂಟ್ ಕೋರ್ಟ್‌ನಲ್ಲಿ ಪೀಠದಿಂದ ಪ್ರಶ್ನೆ ಬಂದ ಕೂಡಲೇ ನನ್ನ ನಾಲಿಗೆ ಒಣಗುತ್ತದೆ. ಕರಾರುಪತ್ರದ ಕರಡು ಬರೆಯಲು ಕೊಟ್ಟರೆ ಮಾತ್ರ ಊಟದ ನೆನಪೂ ಇರುವುದಿಲ್ಲ. ಹಾಗಾದರೆ ಕೋರ್ಟಿನ ಆಸೆ ಬಿಟ್ಟು ಕಂಪನಿಯ ಕಾನೂನು ವಿಭಾಗದತ್ತ ನೋಡಲೇ? ವಕೀಲರೆಂದರೆ ವಾದ ಮಾಡುವವರು ಎಂಬ ಮನೆಯವರ ಮಾತು ಅರ್ಧಸತ್ಯ ಎಂದೇ ನನಗನಿಸುತ್ತದೆ. ಆದರೂ ಬರೀ ಹೆದರಿಕೆಯಿಂದ ದಾರಿ ಬದಲಿಸಿದೆನೇ ಎಂದು ಮುಂದೆ ಕೊರಗಬಾರದಲ್ಲ.

ರಜೆಯಲ್ಲಿ ಇಂಟರ್ನ್‌ಶಿಪ್ ಮಾಡಬೇಕು. ಒಬ್ಬ ಸೀನಿಯರ್ ವಕೀಲರ ಕಚೇರಿಯೋ, ದೊಡ್ಡ ಲಾ ಫರ್ಮೋ? ಫೈಲು ಹೊರಲು ಬೇಸರವಿಲ್ಲ, ಬರೆದದ್ದನ್ನು ಕೂರಿಸಿಕೊಂಡು ತಿದ್ದುವವರು ಬೇಕು. ಎರಡೂ ಕಡೆ ಕೆಲಸ ಮಾಡಿದವರಿದ್ದರೆ ದಯವಿಟ್ಟು ಬರೆಯಿರಿ.