ಕಂಪ್ಯೂಟರ್ ಇಲ್ಲದೆ ಕಂಪ್ಯೂಟರ್ ಪಾಠವಾ?

ಡೊಂಬಿವಲಿಯಮ್ಮ:
ಮಗಳ ಶಾಲೆಯಲ್ಲಿ ‘ಕಂಪ್ಯುಟೇಶನಲ್ ಥಿಂಕಿಂಗ್’ ಅಂತ ಹೊಸ ಪಾಠ ಶುರುವಾಗಿದೆ. ಪುಸ್ತಕದಲ್ಲಿ ಕಂಪ್ಯೂಟರೇ ಇಲ್ಲ, ಬರೀ ಒಗಟುಗಳು. ಇದರಿಂದ ಏನು ಉಪಯೋಗ?

ಮಾಟುಂಗಾ ಮಾವ:
ಚರ್ಚ್‌ಗೇಟ್‌ನಲ್ಲಿ ಮನೆಯೂಟದ ಡಬ್ಬಿಗಳನ್ನು ಮುಂಬೈ ಆಫೀಸುಗಳಿಗೆ ಮುಟ್ಟಿಸುವ ಡಬ್ಬಾವಾಲಾಗಳನ್ನು ನೋಡಿದ್ದೀರಲ್ವಾ? ಮುಚ್ಚಳದ ಮೇಲೆ ಬಣ್ಣ, ಅಕ್ಷರ, ಅಂಕಿ ಇರುತ್ತವೆ. ಯಾವ ಸ್ಟೇಷನ್, ಯಾವ ಕಟ್ಟಡ, ಎಷ್ಟನೇ ಮಹಡಿ, ಎಲ್ಲ ಅದರಲ್ಲೇ. ಪೂರ್ತಿ ವಿಳಾಸ ಓದುವ ಗೋಜಿಲ್ಲ, ಒಬ್ಬೊಬ್ಬರೂ ತಮಗೆ ಬೇಕಾದ ಗುರುತನ್ನಷ್ಟೇ ನೋಡಿ ಡಬ್ಬಿಯನ್ನು ಮುಂದಿನವರಿಗೆ ದಾಟಿಸುತ್ತಾರೆ. ಇಂಟರ್ನೆಟ್‌ನಲ್ಲಿ ಮಾಹಿತಿ ತುಂಡು ತುಂಡಾಗಿ ಸಾಗುವುದೂ ಹೆಚ್ಚುಕಡಿಮೆ ಹೀಗೇ. ಕೆಲಸ ಒಡೆಯುವುದು, ಬೇಡದ್ದನ್ನು ಬಿಡುವುದು. ಪಾಠ ಅಷ್ಟೇ. (ಈ ಕಸುಬು 1890ರಷ್ಟು ಹಳೆಯದು, ಆಗ ಎಲ್ಲಿಯ ಕಂಪ್ಯೂಟರ್!)

ಪುಣೆಯ ಪಾಪು:
ಒಡೆದದ್ದನ್ನು ಜೋಡಿಸಲೂ ಬೇಕಲ್ಲ ಮಾವ. ನಮ್ಮ ನಾರಾಯಣಗಾವ್ ಹತ್ತಿರ ಜಿಎಂಆರ್‌ಟಿ ಅನ್ನೋ ರೇಡಿಯೊ ಟೆಲಿಸ್ಕೋಪ್‌ನಲ್ಲಿ 45 ಮೀಟರ್ ಅಗಲದ 30 ಡಿಶ್‌ಗಳು ಸುಮಾರು 25 ಕಿ.ಮೀ. ಉದ್ದಕ್ಕೆ ಹರಡಿವೆ. ಅವು ಹಿಡಿದ ರೇಡಿಯೊ ಅಲೆಗಳನ್ನು ಕಂಪ್ಯೂಟರ್ ಲೆಕ್ಕ ಹಾಕಿ ಕೂಡಿಸಿದರೇನೇ ಆಕಾಶದ ಚಿತ್ರ. ಆದ್ರೆ ಶಾಲೆಯವರು ಇದನ್ನೂ ಬಾಯಿಪಾಠ ಮಾಡಿಸಿದರೆ ಸುಮ್ನೆ ದಂಡ.

ಡೊಂಬಿವಲಿಯಮ್ಮ:
ಸರಿ, ನಾಳೆ ನಮ್ಮೆಜಮಾನರ ಡಬ್ಬಿ ಹೋಗುವ ಮೊದಲು ಮಗಳ ಕೈಗೆ ಕೊಡುತ್ತೇನೆ, ಮುಚ್ಚಳ ಓದಲಿ.