ಮಟ್ಟುಗುಳ್ಳದ ಗಿಡ ಹಸಿರಾಗಿರುವಾಗಲೇ ಬಾಡಿ ಸಾಯುತ್ತಿದೆ, ಎಂತ ಮಾಡುವುದು?

ಕಟಪಾಡಿ ಹಿತ್ತಲು:

ಎಲ್ಲರಿಗೂ ನಮಸ್ಕಾರ. ನಮ್ಮದು ಕಟಪಾಡಿ ಹತ್ತಿರ ಸಣ್ಣ ಹಿತ್ತಲು. ಚೌತಿ ಕಳೆದ ಮೇಲೆ ಮಟ್ಟುಗುಳ್ಳದ (ಉಡುಪಿಯ ಮಟ್ಟು ಊರಿನ ಬದನೆ) 14 ಸಸಿ ಒಂದೇ ಸಾಲಿನಲ್ಲಿ ನೆಟ್ಟಿದ್ದೆ. ಹಟ್ಟಿ ಗೊಬ್ಬರ, ಬೂದಿ ಎಲ್ಲ ಹಾಕಿದ್ದೆ. ಗಿಡ ಮೊಣಕಾಲೆತ್ತರ ಬಂತು, ಹೂವೂ ಬಿಟ್ಟಿತು. ದೀಪಾವಳಿ ಹೊತ್ತಿಗೆ ಶುರುವಾಯಿತು ನೋಡಿ. ಮೂರನೇ ಗಿಡ ಮಧ್ಯಾಹ್ನ ಬಾಡಿತು, ಸಂಜೆ ಎದ್ದಿತು. ಮರುದಿನವೂ ಹಾಗೇ. ಮೂರನೇ ದಿನ ಏಳಲೇ ಇಲ್ಲ. ಎಲೆ ಇನ್ನೂ ಹಸಿರೇ ಇತ್ತು, ಆದರೆ ಮಡಚಿದ ಕೊಡೆಯ ಹಾಗೆ ಜೋತು ಬಿದ್ದಿತ್ತು. ಆಮೇಲೆ ನಾಲ್ಕನೆಯದು, ಐದನೆಯದು, ಈಗ ಆರನೆಯದು. ಪಕ್ಕದ ಅಲಸಂಡೆ, ಬೆಂಡೆಗೆ ಏನೂ ಆಗಿಲ್ಲ. ಬೀಜ ಮಟ್ಟುವಿನ ನೆಂಟರ ಮನೆಯದು, ಅದಕ್ಕೇ ಜಾಸ್ತಿ ಸಂಕಟ. ಉಳಿದ ಹತ್ತನ್ನಾದರೂ ಉಳಿಸಬಹುದಾ?

ಸುರತ್ಕಲ್ ತಾರಸಿ:

ನೀರು ಸಾಕಾಗುತ್ತಿಲ್ಲ ಅಂತ ಕಾಣುತ್ತದೆ. ಮಳೆ ನಿಂತ ಮೇಲೆ ನಮ್ಮ ಕಡೆ ಬಿಸಿಲು ಒಮ್ಮೆಲೇ ಚುರುಕಾಗುತ್ತದೆ ಅಲ್ವಾ? ದಿನಕ್ಕೆ ಎರಡು ಹೊತ್ತು ನೀರು ಹಾಕಿ ನೋಡಿ. ಇಲ್ಲದಿದ್ದರೆ ಕುಡಿ ಕೊರೆಯುವ ಹುಳ ಇರಬಹುದು. ನನ್ನ ಬದನೆಗೆ ಹೋದ ವರ್ಷ ಅದೇ ಆಗಿತ್ತು.

ಬ್ರಹ್ಮಾವರ ಬೇಸಾಯ:

ಅಕ್ಕ, ದಯವಿಟ್ಟು ಈಗಲೇ ನೀರು ಜಾಸ್ತಿ ಮಾಡಬೇಡಿ. ಕೊರಕ ಹುಳ ಬಿದ್ದರೆ ತುದಿಯ ಕುಡಿ ಮಾತ್ರ ಬಾಡುತ್ತದೆ, ಸೀಳಿದರೆ ಒಳಗೆ ಹುಳ ಸಿಗುತ್ತದೆ. ನಿಮ್ಮದು ಇಡೀ ಗಿಡ. ಅದೂ ಒಂದರ ಪಕ್ಕ ಒಂದು, ಸಾಲು ಹಿಡಿದು. ನನಗೆ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ ಮೇಲೆ ಅನುಮಾನ. ಮೂರು ವಿಷಯ ಹೇಳಿ. ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ? ಅದೇ ಜಾಗದಲ್ಲಿ ಮೊದಲು ಏನು ಬೆಳೆದಿದ್ದಿರಿ? ಸತ್ತ ಗಿಡದ ಬೇರು ಹೇಗಿದೆ?

ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಈಗಷ್ಟೇ ಬಾಡಿದ ಗಿಡವನ್ನು ಕಿತ್ತು, ಬುಡದ ಹತ್ತಿರದ ಕಾಂಡವನ್ನು ಎರಡು ಇಂಚು ಉದ್ದಕ್ಕೆ ಚೂರಿಯಿಂದ ನೇರ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ತೆಗೆದುಕೊಳ್ಳಿ. ಕಾಂಡದ ತುಂಡನ್ನು ದಾರ ಕಟ್ಟಿ ಅಥವಾ ಕಡ್ಡಿ ಚುಚ್ಚಿ, ಕತ್ತರಿಸಿದ ತುದಿ ಮಾತ್ರ ನೀರಿಗೆ ಮುಟ್ಟುವ ಹಾಗೆ ಇಳಿಬಿಡಿ. ಲೋಟವನ್ನು ಅಲ್ಲಾಡಿಸಬೇಡಿ. ಐದು ಹತ್ತು ನಿಮಿಷ ಕಾಯಿರಿ.

ಕಟಪಾಡಿ ಹಿತ್ತಲು:

ಈಗ ತಾನೇ ಮಾಡಿದೆ ಅಣ್ಣ. ಕಿಟಕಿ ಹತ್ತಿರ ಬೆಳಕಿಗೆ ಲೋಟ ಇಟ್ಟು ಕೂತಿದ್ದೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಕತ್ತರಿಸಿದ ತುದಿಯಿಂದ ಹಾಲಿನ ಎಳೆಯ ಹಾಗೆ ಬೆಳ್ಳಗೆ ಇಳಿಯತೊಡಗಿತು. ನೂಲಿನಷ್ಟು ಸಪೂರ, ನೇರ ಕೆಳಕ್ಕೆ. ಸ್ವಲ್ಪ ಹೊತ್ತಿನಲ್ಲಿ ಲೋಟದ ತಳ ಮಬ್ಬಾಯಿತು. ಬಾಡದೆ ನಿಂತಿರುವ ಏಳನೇ ಗಿಡದ ಒಂದು ಕೊಂಬೆಯನ್ನೂ ಇಟ್ಟು ನೋಡಿದೆ, ಅದರ ನೀರು ತಿಳಿಯಾಗಿಯೇ ಉಂಟು.

ನೀರು ಮೂರನೇ ಗಿಡದ ಕಡೆಯಿಂದ ಹದಿನಾಲ್ಕರ ಕಡೆಗೆ ಇಳಿಜಾರಿನಲ್ಲಿ ಹರಿಯುತ್ತದೆ. ಒಂದು, ಎರಡು ಮೇಲೆ ಇವೆ, ಅವಕ್ಕೆ ಏನೂ ಆಗಿಲ್ಲ. ನೀವು ಕೇಳಿದ ಮೇಲೆ ನೆನಪಾಯಿತು, ಹೋದ ವರ್ಷ ಅದೇ ಸಾಲಿನಲ್ಲಿ ಟೊಮೆಟೊ ಹಾಕಿದ್ದೆ. ಅದೂ ಹೀಗೇ ಸತ್ತಿತ್ತು. ಮಳೆ ಜಾಸ್ತಿ ಆಯಿತು ಅಂದುಕೊಂಡು ಸುಮ್ನೆ ಬಿಟ್ಟಿದ್ದೆ. ಬೇರಿನಲ್ಲಿ ಅಲ್ಲಲ್ಲಿ ಸಣ್ಣ ಗಂಟುಗಳಿವೆ.

ಬ್ರಹ್ಮಾವರ ಬೇಸಾಯ:

ಹಾಗಾದರೆ ಅನುಮಾನವೇ ಇಲ್ಲ. ಇದು ರಾಲ್‌ಸ್ಟೋನಿಯಾ ಅನ್ನುವ ಬ್ಯಾಕ್ಟೀರಿಯಾ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಬೇರಿನ ಗಾಯದಿಂದ ಒಳಗೆ ಹೋಗಿ, ನೀರು ಏರುವ ನಾಳದಲ್ಲಿ ತುಂಬಿಕೊಳ್ಳುತ್ತದೆ. ನೀವು ಕಂಡ ಬಿಳಿ ಎಳೆ ಅದೇ. ನಾಳ ಕಟ್ಟಿದ ಮೇಲೆ ಬುಡಕ್ಕೆ ಎಷ್ಟು ನೀರು ಹಾಕಿದರೂ ಎಲೆಗೆ ತಲುಪುವುದಿಲ್ಲ. ಹಾಕಿದ ನೀರು ರೋಗವನ್ನು ಮುಂದಿನ ಗಿಡಕ್ಕೆ ಹೊತ್ತುಕೊಂಡು ಹೋಗುತ್ತದೆ, ಅಷ್ಟೇ. ಅದಕ್ಕೇ ಇಳಿಜಾರು ಹಿಡಿದು ಸಾಲಾಗಿ ಸತ್ತದ್ದು. ಬೇರಿನ ಗಂಟು ಮಣ್ಣಿನ ಜಂತುಹುಳದ್ದು (ನೆಮಟೋಡ್). ಅವು ಮಾಡುವ ಗಾಯ ಈ ರೋಗಕ್ಕೆ ಬಾಗಿಲು ತೆರೆದ ಹಾಗೆ.

ನಮ್ಮ ಕರಾವಳಿಗೆ ಇದು ಹೊಸತಲ್ಲ. ಮುರಕಲ್ಲಿನ ಮಣ್ಣು ಹುಳಿ, ಮಳೆ ವಿಪರೀತ, ಮಳೆ ಬಿಟ್ಟ ಮೇಲೂ ನೆಲ ಬೆಚ್ಚಗೆ ಒದ್ದೆ ಇರುತ್ತದೆ. ಅದಕ್ಕೆ ಬೇಕಾದ್ದೂ ಅದೇ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಬಾಡಿದ ಗಿಡಕ್ಕೆ ಔಷಧಿ ಇಲ್ಲ ಅಕ್ಕ, ಅದಕ್ಕೆ ದುಡ್ಡು ಹಾಕಬೇಡಿ. ಬುಡದ ಮಣ್ಣಿನ ಸಮೇತ ಎತ್ತಿ ಬೆಂಕಿಗೆ ಹಾಕಿ. ಗೊಬ್ಬರ ಗುಂಡಿಗೆ ಖಂಡಿತ ಬೇಡ. ಗಿಡ ಕಿತ್ತ ಗುಂಡಿಗೆ ಸುಣ್ಣ ಉದುರಿಸಿ ಮುಚ್ಚಿ. ಆರು ಮತ್ತು ಏಳರ ನಡುವೆ ಮಣ್ಣಿನ ದಂಡೆ ಕಟ್ಟಿ, ಮೇಲಿನ ನೀರು ಕೆಳಗೆ ಹೋಗಬಾರದು. ಉಳಿದವಕ್ಕೆ ಬೇರೆ ಬೇರೆ ಬುಡಕ್ಕೆ ಚೆಂಬಿನಲ್ಲಿ ನೀರು ಕೊಡಿ. ಬುಡ ಕೆದಕಬೇಡಿ. ಸತ್ತ ಗಿಡ ಅಗೆದ ಹಾರೆಯನ್ನು ತೊಳೆದು ಒಣಗಿಸದೆ ಬೇರೆ ಕಡೆ ಇಳಿಸಬೇಡಿ. ಒಂದು ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಒಳ್ಳೆಯ ಗಿಡದ ಬುಡಕ್ಕೆ ಹೊಯ್ಯಬಹುದು. ಅದು ರೋಗವನ್ನು ಸ್ವಲ್ಪ ತಡೆಯಬಹುದು, ಗುಣ ಮಾಡುವುದಿಲ್ಲ.

ಮಂಗಳೂರು ಕೈತೋಟ:

ಅಣ್ಣ ಹೇಳಿದ್ದು ಸರಿ. ನನ್ನ ಅನುಭವ ಒಂದು ಸೇರಿಸುತ್ತೇನೆ. ನಾನು ರೋಗದ ನೆಲ ಬಿಟ್ಟು ಗ್ರೋ ಬ್ಯಾಗಿನಲ್ಲಿ ಬದನೆ ಹಾಕಿದೆ. ಚೀಲವನ್ನು ಅದೇ ನೆಲದ ಮೇಲೆ ಇಟ್ಟಿದ್ದೆ. ಎರಡು ತಿಂಗಳಲ್ಲಿ ತಳದ ತೂತಿನಿಂದ ಬೇರು ನೆಲಕ್ಕೆ ಇಳಿಯಿತು, ಗಿಡ ಹೋಯಿತು. ಈಗ ಎರಡು ಮುರಕಲ್ಲಿನ ಮೇಲೆ ಚೀಲ ಇಡುತ್ತೇನೆ. ಚೀಲಕ್ಕೆ ಹಿತ್ತಲಿನ ಮಣ್ಣು ಹಾಕದೆ ಸುಡುಮಣ್ಣು ಹಾಕುತ್ತೇನೆ. ನಮ್ಮ ಅಜ್ಜಿ ಬಸಳೆ, ಸೌತೆಗೆ ತರಗೆಲೆ, ಕಡ್ಡಿ, ಮಣ್ಣಿನ ಹೆಂಟೆ ಒಟ್ಟಿ ಬೆಂಕಿ ಕೊಟ್ಟು, ಎರಡು ಮೂರು ದಿನ ಹೊಗೆಯಾಡಲು ಬಿಡುತ್ತಿದ್ದರು. ಆ ಮಣ್ಣು ಮುಟ್ಟಿದರೆ ರವೆಯ ಹಾಗೆ ಹಗುರ. ರೋಗದ ಬೀಜವೂ ಕಳೆಯ ಬೀಜವೂ ಆ ಬಿಸಿಗೆ ಸಾಯುತ್ತದೆ.

ಕಟಪಾಡಿ ಹಿತ್ತಲು:

ನಾಲ್ಕು ಗಿಡ ಕಿತ್ತು ಸುಟ್ಟೆ. ಕೈಗೆ ಬಂದ ಗಿಡ ಅಲ್ವಾ, ಹೂವಿನ ಸಮೇತ ಬೆಂಕಿಗೆ ಹಾಕುವಾಗ ಮನಸ್ಸಿಗೆ ಬೇಸರವಾಯಿತು. ದಂಡೆಯೂ ಕಟ್ಟಿದೆ. ಆ ಜಾಗದಲ್ಲಿ ಮುಂದೆ ಗುಳ್ಳ ಬೆಳೆಯಲಿಕ್ಕೇ ಆಗುವುದಿಲ್ಲವಾ?

ಬ್ರಹ್ಮಾವರ ಬೇಸಾಯ:

ಎರಡು ಮೂರು ವರ್ಷ ಬದನೆ, ಟೊಮೆಟೊ, ಮೆಣಸು, ಆಲೂಗಡ್ಡೆ ಅಲ್ಲಿ ಬೇಡ. ಎಲ್ಲ ಒಂದೇ ಕುಟುಂಬ. ಶುಂಠಿಯೂ ಬೇಡ, ಅದಕ್ಕೂ ಸೊರಗು ರೋಗ ಬರುತ್ತದೆ. ಅಲಸಂಡೆ, ಸೌತೆ, ಜೋಳ ಹಾಕಿ. ನಡುವೆ ಗೊಂಡೆ ಹೂ (ಚೆಂಡು ಹೂ) ಇರಲಿ, ಬೇರಿನ ಜಂತುಹುಳ ಕಡಿಮೆಯಾಗುತ್ತದೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣಿನ ಪರೀಕ್ಷೆ ವಿಚಾರಿಸಿ. ಹುಳಿ ಜಾಸ್ತಿ ಇದ್ದರೆ ಚದರ ಮೀಟರಿಗೆ ಸುಮಾರು 200 ಗ್ರಾಂ ಕೃಷಿ ಸುಣ್ಣ, ಅದೂ ನೆಡುವ ಎರಡು ಮೂರು ವಾರ ಮೊದಲು. ಹಟ್ಟಿ ಗೊಬ್ಬರದ ಜೊತೆಗೇ ಸುಣ್ಣ ಬೆರೆಸಬೇಡಿ, ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ.

ಬರೀ ಬದನೆ ಸಾಕು ಅನ್ನುವವರಿಗೆ ಹೆಸರಘಟ್ಟದ ಸಂಶೋಧನಾ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ ತಳಿಗಳು ಈ ರೋಗ ತಡೆಯುತ್ತವೆ. ಆದರೆ ಗುಳ್ಳದ ಬೋಳು ಹುಳಿ ಉಂಡವರಿಗೆ ಬೇರೆ ಬದನೆ ಹೇಳಿ ಪ್ರಯೋಜನ ಇಲ್ಲ, ನನಗೆ ಗೊತ್ತು. 2011ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಸಿಕ್ಕಿದ ತಳಿ ಅದು, ಬೀಜ ಕಳೆದುಕೊಳ್ಳಬೇಡಿ. ಬದನೆಯದೇ ಕುಟುಂಬದ ಸುಂಡೆಕಾಯಿ ಗಿಡದ ಬೇರಿಗೆ ಈ ರೋಗ ಸುಲಭಕ್ಕೆ ಹಿಡಿಯುವುದಿಲ್ಲ. ಅದರ ಸಸಿಯ ಮೇಲೆ ಬದನೆ ಕುಡಿ ಕಸಿ ಕಟ್ಟುತ್ತಾರೆ. ಮುಂದಿನ ಸಲ ಗುಳ್ಳದ ಕುಡಿಯನ್ನು ಹಾಗೆ ಕಟ್ಟಿ ನೋಡಿ. ಸುಂಡೆ ಬೀಜ ನಿಧಾನಕ್ಕೆ ಮೊಳೆಯುತ್ತದೆ, ಅದನ್ನು ಮೊದಲೇ ಹಾಕಿಕೊಳ್ಳಬೇಕು.

ಕಟಪಾಡಿ ಹಿತ್ತಲು (ಮಾರ್ಚ್):

ಬರೆಯುವುದು ತಡವಾಯಿತು, ಕ್ಷಮಿಸಿ. ಏಳನೆಯದು ಮತ್ತು ಎಂಟನೆಯದು ಆಮೇಲೆ ಹೋದವು. ಅಲ್ಲಿಗೆ ನಿಂತಿತು. ಎಂಟು ಗಿಡ ಉಳಿದಿವೆ, ಜನವರಿಯಿಂದ ಕಾಯಿ ಕೊಯ್ಯುತ್ತಿದ್ದೇನೆ. ಒಂದು ಒಳ್ಳೆಯ ಕಾಯಿಯನ್ನು ಬೀಜಕ್ಕೆ ಬಿಟ್ಟಿದ್ದೇನೆ, ಈಗ ಹಳದಿಗೆ ತಿರುಗುತ್ತಿದೆ. ಕಾಂಪೌಂಡ್ ಬದಿಯಲ್ಲಿ ಕಲ್ಲಿನ ಮೇಲೆ ಸುಡುಮಣ್ಣಿನ ನಾಲ್ಕು ಚೀಲವೂ ಉಂಟು. ಸತ್ತ ಗಿಡಗಳ ಜಾಗ ಖಾಲಿ ಇದೆ. ಬಿಸಿಲಿಗೆ ಪ್ಲಾಸ್ಟಿಕ್ ಹಾಸಿದರೆ ಮಣ್ಣಿನ ರೋಗ ಕಡಿಮೆಯಾಗುತ್ತದೆ ಅಂತ ಕೇಳಿದೆ. ಯಾವಾಗ ಹಾಸಲಿ? ಕಪ್ಪು ಪ್ಲಾಸ್ಟಿಕ್ ಆಗುತ್ತದಾ?

ಬ್ರಹ್ಮಾವರ ಬೇಸಾಯ:

ಎಂಟು ಗಿಡ ಉಳಿದದ್ದು ಕೇಳಿ ತುಂಬಾ ಖುಷಿಯಾಯಿತು. ಕಪ್ಪು ಬೇಡ, ಬಣ್ಣವಿಲ್ಲದ ತೆಳು ಪ್ಲಾಸ್ಟಿಕ್ ತನ್ನಿ. ಬಿಸಿಲು ಒಳಗೆ ಹೋಗಬೇಕು. ಮೊದಲು ಮಣ್ಣು ಅಗೆದು ಸಪಾಟು ಮಾಡಿ, ಚೆನ್ನಾಗಿ ನೀರು ಹಾಕಿ. ಒದ್ದೆ ಮಣ್ಣಿಗೆ ಬಿಸಿ ಆಳಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ನೆಲಕ್ಕೆ ಅಂಟಿದ ಹಾಗೆ ಹಾಸಿ, ನಾಲ್ಕೂ ಅಂಚು ಮಣ್ಣಿನಲ್ಲಿ ಹೂತುಬಿಡಿ. ಆರು ವಾರ ಹಾಗೇ ಇರಲಿ. ಈ ವಾರವೇ ಹಾಸಿದರೆ ಮೇ ಕೊನೆಗೆ ಬರುವ ಪತ್ತನಾಜೆಗೆ ಮೊದಲೇ ತೆಗೆದು ಅಲಸಂಡೆ ಬೀಜ ಹಾಕಬಹುದು.