ಸ್ಮಾರ್ಟ್ ಟಿವಿ ನೋಡುವ ಮಕ್ಕಳು ಪ್ರಶ್ನೆ ಕೇಳುವಂತೆ ಮಾಡುವುದು ಹೇಗೆ?

ವಿಜ್ಞಾನ ಶಿಕ್ಷಕಿ, ಗದಗ:
ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಗೆ ಸ್ಮಾರ್ಟ್ ಟಿವಿ ಬಂದ ಮೇಲೆ ಒಂಬತ್ತನೇ ತರಗತಿಯವರಿಗೆ ಪಾಠಕ್ಕೆ ತಕ್ಕ ವಿಡಿಯೊಗಳನ್ನು ತೋರಿಸುತ್ತಿದ್ದೇನೆ. ಮಕ್ಕಳು ಮೈಮರೆತು ನೋಡುತ್ತಾರೆ, ಆದರೆ ಮುಗಿದ ಮೇಲೆ ಒಬ್ಬರೂ ಪ್ರಶ್ನೆ ಕೇಳುವುದಿಲ್ಲ. ಪ್ರಾಜೆಕ್ಟ್ ಕೊಟ್ಟರೆ ಮೊದಲು ಸಿಕ್ಕ ಚಿತ್ರವನ್ನು ಅಂಟಿಸಿ ತರುತ್ತಾರೆ. ಯಾರು ತೆಗೆದ ಚಿತ್ರವೆಂದರೆ ‘ಗೂಗಲ್‌ದು’ ಎನ್ನುತ್ತಾರೆ. ಈ ಚಳಿಗಾಲದಲ್ಲಿ ನಮ್ಮ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ವಲಸೆ ಹಕ್ಕಿಗಳ ಬಗ್ಗೆ ಅವರೇ ಒಂದು ಚಿಕ್ಕ ವಿಡಿಯೊ ಮಾಡಬೇಕೆಂಬುದು ನನ್ನ ಆಸೆ. ಹೇಗೆ ನಡೆಸಲಿ?

ನಿವೃತ್ತ ಶಿಕ್ಷಕ, ಧಾರವಾಡ:
ಮೇಡಂ, ವಿವರಣೆಯ ಧ್ವನಿ ಕೇಳುತ್ತಿರುವ ತನಕ ಮಕ್ಕಳ ಮನಸ್ಸಿನಲ್ಲಿ ಪ್ರಶ್ನೆ ಹುಟ್ಟಲು ಅವಕಾಶವೇ ಇರುವುದಿಲ್ಲ, ಏಕೆಂದರೆ ಉತ್ತರ ಮೊದಲೇ ಬಂದುಬಿಟ್ಟಿರುತ್ತದೆ. ಆದ್ದರಿಂದ ಮೊದಲ ಎರಡು ನಿಮಿಷ ಧ್ವನಿ ತೆಗೆದು ತೋರಿಸಿ, ಕಂಡದ್ದನ್ನು ಹಾಳೆಯ ಒಂದು ಬದಿಗೆ, ತಿಳಿಯದ್ದನ್ನು ಇನ್ನೊಂದು ಬದಿಗೆ ಬರೆಯಲು ಹೇಳಿ. ಮಾಗಡಿಗೆ ವಲಸೆ ಬರುವ ಪಟ್ಟೆತಲೆ ಹೆಬ್ಬಾತುಗಳು ಹೊತ್ತು ಮುಳುಗುವಾಗ ಗುಂಪುಗುಂಪಾಗಿ ಕೆರೆ ಬಿಟ್ಟು ಏಳುವ ದೃಶ್ಯವನ್ನು ಹೀಗೆ ತೋರಿಸಿದರೆ, ‘ರಾತ್ರಿ ಇವು ಎಲ್ಲಿಗೆ ಹೋಗುತ್ತವೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ನೀವು ಉತ್ತರ ಹೇಳಬೇಡಿ. ಹಗಲು ನೀರಿನಲ್ಲಿ ವಿಶ್ರಮಿಸಿ ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯುವ ಹಕ್ಕಿ ಇದೆಂಬುದು ಅಲ್ಲಿನ ರೈತರಿಗೆ ಚೆನ್ನಾಗಿ ಗೊತ್ತು. ಶಿರಹಟ್ಟಿ ಕಡೆಯ ಮಕ್ಕಳಿದ್ದರೆ ಮನೆಯಲ್ಲಿ ಕೇಳಿಕೊಂಡು ಬರಲಿ. ಹಕ್ಕಿಗಳಿಂದ ಬೆಳೆಗೆ ಏನಾಗುತ್ತದೆ, ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಅವು ಇಷ್ಟು ದೂರ ಏಕೆ ಬರುತ್ತವೆ, 2024ರಲ್ಲಿ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ಮೇಲೆ ಊರಿನಲ್ಲಿ ಏನು ಬದಲಾಗಿದೆ ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ಆಮೇಲೆ ಧ್ವನಿ ಹಾಕಿ, ಹೇಳಿದ್ದರಲ್ಲಿ ದೃಶ್ಯದಲ್ಲಿ ಕಂಡದ್ದೆಷ್ಟು, ಬರೀ ಮಾತೆಷ್ಟು ಎಂಬುದನ್ನು ಮಕ್ಕಳೇ ಬೇರ್ಪಡಿಸಲಿ. ಮಲ್ಟಿಮೀಡಿಯಾ ಸಾಕ್ಷರತೆಯೆಂದರೆ ನನ್ನ ಮಟ್ಟಿಗೆ ಮುಖ್ಯವಾಗಿ ಇದೇ.

ಸಮಾಜ ವಿಜ್ಞಾನ ಶಿಕ್ಷಕ, ಹಾವೇರಿ:
ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಪಿರಿಯಡ್‌ನಲ್ಲಿ ಅಷ್ಟೇ ಆದೀತು. ವಿಡಿಯೊ ತಯಾರಿಗೆ ಬೇರೆ ದಿನ ಇಟ್ಟುಕೊಳ್ಳಿ. ಎಡಿಟಿಂಗ್ ಆ್ಯಪ್ ಮೊದಲೇ ಕೈಗೆ ಸಿಕ್ಕರೆ ಹಾಡು ಸೇರಿಸುವುದರಲ್ಲೇ ಹೊತ್ತು ಹೋಗುತ್ತದೆ. ಕಾಗದದ ಮೇಲೆ ಚೌಕಗಳನ್ನು ಹಾಕಿಸಿ, ಯಾವ ದೃಶ್ಯ, ಅದಕ್ಕೆ ಯಾವ ಮಾತು, ಆ ಮಾತಿಗೆ ಆಧಾರವೇನು ಎಂದು ಬರೆಸಿ. ಆಧಾರ ಸಿಗದ ಚೌಕ ಖಾಲಿಯೇ ಇರಲಿ. ಚಿತ್ರಗಳನ್ನು ಮುಕ್ತ ಬಳಕೆಯ ಚಿತ್ರಗಳ ಜಾಲತಾಣವಾದ ವಿಕಿಮೀಡಿಯಾ ಕಾಮನ್ಸ್‌ನಿಂದ ತೆಗೆದುಕೊಳ್ಳಲಿ. ಅಲ್ಲಿ ಚಿತ್ರದ ಜೊತೆಗೇ ತೆಗೆದವರ ಹೆಸರು, ದಿನಾಂಕ, ಬಳಕೆಯ ಷರತ್ತು ಇರುವುದರಿಂದ ಅವನ್ನು ನೋಡಿ ಬರೆಯುವ ರೂಢಿ ಬೀಳುತ್ತದೆ. ರೈತರ ಮಾತನ್ನು ದಾಖಲಿಸುವ ಮುನ್ನ ಮಕ್ಕಳೇ ಅವರ ಒಪ್ಪಿಗೆ ಕೇಳಬೇಕು.

ವಿಜ್ಞಾನ ಶಿಕ್ಷಕಿ, ಗದಗ:
ಇಬ್ಬರಿಗೂ ಧನ್ಯವಾದಗಳು. ಮಕ್ಕಳು ಶಾಲೆಗೆ ಮೊಬೈಲ್ ತರುವಂತಿಲ್ಲ. ನನ್ನ ಫೋನ್ ಒಂದೇ ಇದೆ. ಸಾಕಾದೀತೇ?

ನಿವೃತ್ತ ಶಿಕ್ಷಕ, ಧಾರವಾಡ:
ಧಾರಾಳವಾಗಿ ಸಾಕು. ಒಂದೇ ಫೋನ್ ಇದ್ದರೆ ಏನನ್ನು, ಏಕೆ ತೆಗೆಯಬೇಕೆಂದು ಗುಂಪು ಮೊದಲೇ ಮಾತಾಡಿಕೊಳ್ಳಲೇಬೇಕಾಗುತ್ತದೆ. ಹಕ್ಕಿಗಳು ಅದರಲ್ಲಿ ಚುಕ್ಕೆಗಳಂತೆ ಕಾಣುತ್ತವೆ, ಆದರೆ ಚಿತ್ರಕ್ಕಾಗಿ ದಡದ ಹತ್ತಿರ ಹೋಗಿ ಅವನ್ನು ಎಬ್ಬಿಸುವುದು ಬೇಡ. ಎಷ್ಟು ಹೊತ್ತಿಗೆ, ಯಾವ ದಿಕ್ಕಿಗೆ ಹಾರಿದವು ಎಂಬುದನ್ನು ಮಕ್ಕಳು ದಾಖಲಿಸಲಿ. ಹತ್ತಿರದ ಚಿತ್ರವನ್ನು ತೆಗೆದವರ ಹೆಸರಿನೊಂದಿಗೆ ಕಾಮನ್ಸ್‌ನಿಂದ ಸೇರಿಸಿಕೊಳ್ಳಬಹುದು.